ಗೂಡಿನ ತೂಕ, ನೂಲಿನ ತೂಕ: ಡೆಟ್ರಾಯಿಟ್‌ನ 1989ರ ಬ್ಯಾಚು ಎಷ್ಟು ಗಟ್ಟಿ?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ಒಂದೇ ಲಾಟಿಗೆ ಎರಡು ಲೆಕ್ಕ. ರೈತನದು ಮೊಟ್ಟೆಯ ಲೆಕ್ಕ: ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ಒಂದು ಮೊಟ್ಟೆ) ಎಷ್ಟು ಕೆ.ಜಿ. ಗೂಡು ಇಳಿಯಿತು? ನೂಲು ಬಿಚ್ಚುವ ರೀಲರ್‌ನದು ರೆಂಡಿಟ: ಒಂದು ಕೆ.ಜಿ. ನೂಲು ಬಿಚ್ಚೋಕೆ ಎಷ್ಟು ಕೆ.ಜಿ. ಗೂಡು ಹೋಯಿತು? ದ್ವಿತಳಿ ಗೂಡಾದರೆ ಆರು, ಆರೂವರೆ. ಮಿಶ್ರತಳಿಯಾದರೆ ಏಳೆಂಟು. ಜೋಡಿ ಗೂಡು, ಕರೆ ಗೂಡು, ತೆಳು ಗೂಡು ಎಲ್ಲ ತಕ್ಕಡಿಯಲ್ಲಿ ತೂಗುತ್ತವೆ, ನೂಲು ಬಿಚ್ಚುವ ಬಿಸಿನೀರಿನ ಬೇಸಿನ್ನಿಗೆ ಬಿದ್ದ ಮೇಲೆ ಮಾತ್ರ ಬಣ್ಣ ಬಯಲು. ಹಾಗಾಗಿ ರೈತ ‘ಭರ್ಜರಿ ಬೆಳೆ’ ಅಂದ ಲಾಟನ್ನೇ ರೀಲರ್ ‘ಕೈ ಸುಟ್ಟಿತು’ ಅನ್ನಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಐಸ್ ಹಾಕಿಯ ಡ್ರಾಫ್ಟ್ ಬ್ಯಾಚುಗಳ ವಿಷಯದಲ್ಲಿ ನಡೆಯುವ ಜಗಳವೂ ಇದೇ. ಅರ್ಧ ಜನ ಗೂಡು ತೂಗುತ್ತಿರುತ್ತಾರೆ, ಅರ್ಧ ಜನ ನೂಲು.

ಮೊದಲು ಹೊಸಬರಿಗೆ ಎರಡು ಮಾತು. ಇದು ಹುಲ್ಲಿನ ಮೈದಾನದ ಹಾಕಿಯಲ್ಲ. ಉತ್ತರ ಅಮೆರಿಕದ ಎನ್‌ಎಚ್‌ಎಲ್, ಮಂಜಿನ ಮೇಲೆ ಸ್ಕೇಟ್ ಕಟ್ಟಿ ಆಡುವ ಆಟ. ಅಲ್ಲಿ ಸಂಜೆ ಏಳಕ್ಕೆ ಶುರುವಾದ ಪಂದ್ಯ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆಗೋ ಐದೂವರೆಗೋ ಬರುತ್ತದೆ, ಡೇರಿಗೆ ಹಾಲು ಹಾಕುವ ಹೊತ್ತು. ಡ್ರಾಫ್ಟ್ ಅಂದರೆ ಐಪಿಎಲ್, ಕಬಡ್ಡಿ ಲೀಗಿನ ಹರಾಜಿನ ಹಾಗೆ ದುಡ್ಡು ಕೂಗುವುದಲ್ಲ. ಹದಿನೆಂಟು, ಹತ್ತೊಂಬತ್ತರ ಹುಡುಗರನ್ನು ತಂಡಗಳು ಸರದಿಯಂತೆ ಹೆಸರಿಸಿ ಹಕ್ಕು ಕಾದಿರಿಸುತ್ತವೆ. ಹಿಂದಿನ ಸೀಸನ್‌ನಲ್ಲಿ ತಳ ಕಂಡವರಿಗೆ ಮೊದಲ ಸರದಿ. 1963ರಿಂದ ನಡೆಯುತ್ತಿದೆ. ಈಗ 32 ತಂಡ, ಏಳು ಸುತ್ತು, 224 ಹೆಸರು. 1989ರಲ್ಲಿ 21 ತಂಡ, ಹನ್ನೆರಡು ಸುತ್ತು, 252 ಹೆಸರು.

ಆ 1989ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ಆರಿಸಿದ ಬ್ಯಾಚು ಎನ್‌ಎಚ್‌ಎಲ್ ಇತಿಹಾಸದಲ್ಲೇ ಅತ್ಯುತ್ತಮ ಅಂತ ಬಹಳ ಜನ ಬರೆಯುತ್ತಾರೆ. ಅದಕ್ಕೆ ಅವರು ಮುಂದಿಡುವ ಅಂಕಿ: ಆ ಬ್ಯಾಚಿನವರೆಲ್ಲ ಸೇರಿ ಆಡಿದ್ದು 5,955 ಪಂದ್ಯ. ಲಿಡ್‌ಸ್ಟ್ರಾಮ್ 1,564, ಫೆಡೊರೊವ್ 1,248, ಸಿಲಿಂಜರ್ 1,049, ಡ್ರೇಕ್ 1,009, ಬೂಗ್ನರ್ 630, ಕಾನ್‌ಸ್ಟಾಂಟಿನೊವ್ 446, ಮೆಕಾಶ್ ಅನ್ನುವ ಒಬ್ಬ 9. ಕೂಡಿಸಿ ನೋಡಿ, ಸರಿಹೋಗುತ್ತದೆ. ಆದರೆ ಇದು ಗೂಡಿನ ತೂಕ. ಡೆಟ್ರಾಯಿಟ್‌ಗೆ ಇದರಲ್ಲಿ ನೂಲು ಎಷ್ಟು ಬಂತು ಅನ್ನುವುದು ಬೇರೆ ಪ್ರಶ್ನೆ, ಮತ್ತು ಒಂದು ತಂಡದ ಬ್ಯಾಚನ್ನು ಅಳೆಯುವಾಗ ಕೇಳಬೇಕಾದ ಪ್ರಶ್ನೆಯೇ ಅದು.

ಲೆಕ್ಕ ಹೀಗೆ ಹಿಡಿಯಿರಿ. ಉದ್ದ ಲೆಕ್ಕದ ಪುಸ್ತಕದಲ್ಲಿ ಬ್ಯಾಚಿಗೊಂದು ಪುಟ. ಎಡಗಡೆ ಆ ವರ್ಷ ತಂಡ ಆರಿಸಿದ ಪ್ರತಿಯೊಬ್ಬನ ಹೆಸರು. ಒಂದು ಪಂದ್ಯವೂ ಆಡದವನ ಹೆಸರನ್ನೂ ಬಿಡಬಾರದು. ಸತ್ತ ಹುಳು ಎಣಿಸದೆ ನೂರು ಮೊಟ್ಟೆಯ ಲೆಕ್ಕ ಹೇಳುವವನನ್ನು ಯಾರೂ ನಂಬುವುದಿಲ್ಲ. ಹೆಸರಿನ ಪಕ್ಕ ಆಯ್ಕೆಯ ಸಂಖ್ಯೆ. ಆಮೇಲೆ ಒಟ್ಟು ಪಂದ್ಯ. ಆಮೇಲೆ ಆರಿಸಿದ ತಂಡಕ್ಕೇ ಆಡಿದ ಪಂದ್ಯ, ಅದೂ ಮೊದಲ ಸಲ ತಂಡ ಬಿಡುವವರೆಗಿನದು ಮಾತ್ರ. ಆಮೇಲೆ, ಅವನನ್ನು ಬಿಟ್ಟುಕೊಟ್ಟಾಗ ಬದಲಿಗೆ ಏನು ಬಂತು. ಕೊನೆಗೆ ಕಪ್, ಅಂದರೆ ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್. ಇಷ್ಟೇ ಕಾಲಂ.

1989ರ ಪುಟವನ್ನು ತುಂಬಿಸೋಣ. ಲಿಡ್‌ಸ್ಟ್ರಾಮ್‌ನ 1,564 ಪೂರ್ತಿ ಡೆಟ್ರಾಯಿಟ್‌ನದೇ. ಆತ ಬೇರೆ ಎನ್‌ಎಚ್‌ಎಲ್ ತಂಡದ ಅಂಗಿ ಹಾಕಲೇ ಇಲ್ಲ. ಫೆಡೊರೊವ್ 908. ಕಾನ್‌ಸ್ಟಾಂಟಿನೊವ್ 446. ಮೊದಲ ಸುತ್ತಿನಲ್ಲಿ 11ನೆಯವನಾಗಿ ಬಂದ ಸಿಲಿಂಜರ್ ಸಾವಿರ ಪಂದ್ಯ ದಾಟಿದರೂ ಡೆಟ್ರಾಯಿಟ್‌ನಲ್ಲಿ ಆಡಿದ್ದು 129. ಉಳಿದದ್ದು ಇನ್ನೂ ಹನ್ನೊಂದು ತಂಡಗಳಲ್ಲಿ, ಒಟ್ಟು ಹನ್ನೆರಡು ಊರಿನ ನೀರು ಕುಡಿದವನು. ಡ್ರೇಕ್ ಮೊದಲ ಸಲ ಇದ್ದಾಗ 119. ಎರಡನೇ ಸುತ್ತಿನ ಬೂಗ್ನರ್ ಡೆಟ್ರಾಯಿಟ್‌ಗೆ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಸೊನ್ನೆ. ಅವನು ಈ ಲೀಗಿಗೆ ಕಾಲಿಟ್ಟದ್ದೇ ಬಫಲೋ ಅಂಗಿಯಲ್ಲಿ. ಕೂಡಿಸಿದರೆ 3,166. 5,955ನ್ನು ಇದರಿಂದ ಭಾಗಿಸಿ: 1.88. ಅಂದರೆ ಹೆಚ್ಚುಕಡಿಮೆ ಅರ್ಧ ಬೆಳೆ ಪಕ್ಕದ ಊರಿನವರ ಬೇಸಿನ್ನಿಗೆ ಬಿತ್ತು. ಆರು ಹೆಸರು ಅಂತ ಹೊಗಳುವ ಬ್ಯಾಚಿನಲ್ಲಿ ಡೆಟ್ರಾಯಿಟ್‌ಗೆ ದಕ್ಕಿದ್ದು ಮೂರು.

‘ಮೊದಲ ಸಲ ತಂಡ ಬಿಡುವವರೆಗೆ’ ಅನ್ನುವ ಷರತ್ತು ಯಾಕೆ ಅಂದರೆ, ಅಲ್ಲೇ ಬಹಳ ಜನ ಎಡವುತ್ತಾರೆ. ಡ್ರೇಕ್ 2007ರಲ್ಲಿ ಡೆಟ್ರಾಯಿಟ್‌ಗೆ ವಾಪಸ್ ಬಂದ, 2008ರಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದ, ಆಟ ನಿಲ್ಲಿಸಿದ. ನೋಡಲು ಚೆಂದ, ಆದರೆ ಬಂದದ್ದು ಬೇರೆ ಬಾಗಿಲಿನಿಂದ. 1989ರಲ್ಲಿ ಆರಿಸದೆ ಇದ್ದಿದ್ದರೂ 2007ರಲ್ಲಿ ಯಾವ ತಂಡವಾದರೂ ಕರೆಯಬಹುದಾಗಿದ್ದ ಮುಕ್ತ ಆಟಗಾರ ಆತ. ಹಾಗಾಗಿ ಆ ಕಪ್ಪನ್ನು 1989ರ ಪುಟಕ್ಕೆ ಬರೆಯುವಂತಿಲ್ಲ. ಗೋಲ್‌ಕೀಪರ್ ಕ್ರಿಸ್ ಓಸ್ಗುಡ್ ವಿಷಯದಲ್ಲೂ ಇದೇ ನ್ಯಾಯ: 1991ರಲ್ಲಿ 54ನೆಯವನಾಗಿ ಆರಿಸಿದರು, 2001ರಲ್ಲಿ ಕೈಬಿಟ್ಟರು, 2005ರಲ್ಲಿ ತಾನಾಗಿ ಮರಳಿದ. ಅವನ 1997 ಮತ್ತು 1998ರ ಕಪ್ 1991ರ ಬ್ಯಾಚಿಗೆ ಸೇರುತ್ತವೆ; 2008ರದ್ದು ಇಲ್ಲ.

ಈಗ ಆಯ್ಕೆಯ ಸಂಖ್ಯೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಈ ಬ್ಯಾಚಿನ ಹೆಸರು ನಿಂತಿರುವುದೇ ಇದರ ಮೇಲೆ.

ತಂಡಗಳು 21 ಇದ್ದದ್ದರಿಂದ ಡೆಟ್ರಾಯಿಟ್‌ನ ಸರದಿ 21ರ ಹೆಜ್ಜೆಯಲ್ಲಿ ಬರುತ್ತಿತ್ತು: 11, 32, 53, 74, 95, 116 ಹೀಗೆ. 53ರಲ್ಲಿ ಲಿಡ್‌ಸ್ಟ್ರಾಮ್, 74ರಲ್ಲಿ ಫೆಡೊರೊವ್, 116ರಲ್ಲಿ ಡ್ರೇಕ್, ಹನ್ನೊಂದನೇ ಸುತ್ತಿನ 221ರಲ್ಲಿ ಕಾನ್‌ಸ್ಟಾಂಟಿನೊವ್. ಆ ವರ್ಷ ಮೊದಲ ಹೆಸರು ಕ್ವಿಬೆಕ್ ಕೂಗಿದ ಮ್ಯಾಟ್ಸ್ ಸುಂದಿನ್, ಮೊದಲ ಸ್ಥಾನದಲ್ಲಿ ಆಯ್ಕೆಯಾದ ಮೊದಲ ಯುರೋಪಿಯನ್. ಸುಂದಿನ್ ವೃತ್ತಿಯಲ್ಲಿ 1,349 ಪಾಯಿಂಟ್ (ಹೊಡೆದ ಗೋಲಿಗೊಂದು, ಗೋಲಿಗೆ ಕೊಟ್ಟ ನೆರವಿಗೊಂದು) ಗಳಿಸಿದ. ಫೆಡೊರೊವ್ 1,179, ಲಿಡ್‌ಸ್ಟ್ರಾಮ್ 1,142. ಮೊದಲ ಆಯ್ಕೆಯ ಬೆಲೆಯ ಮಾಲನ್ನು ಮೂರನೇ, ನಾಲ್ಕನೇ ಸುತ್ತಿನಲ್ಲಿ ಎತ್ತಿದ ಹಾಗಾಯಿತು.

ಆದರೆ ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ‘ಯಾರ ಕಣ್ಣಿಗೂ ಬೀಳದ ಮುತ್ತು’ ಅಂತ ಬರೆದುಬಿಡುವುದು ತಪ್ಪು. ಲಿಡ್‌ಸ್ಟ್ರಾಮ್, ಫೆಡೊರೊವ್, ಕಾನ್‌ಸ್ಟಾಂಟಿನೊವ್ ಈ ಮೂವರು ಕೆಳಗೆ ಇಳಿದ ಕಾರಣ ಒಂದೇ ಅಲ್ಲ.

ಲಿಡ್‌ಸ್ಟ್ರಾಮ್ ಸ್ವೀಡನ್ನಿನ ವೆಸ್ಟೆರೋಸ್ ಕಡೆಯ ಹುಡುಗ, ಸಪೂರ ದೇಹ, ಹೆಸರು ಗೊತ್ತಿದ್ದವರು ಕಡಿಮೆ. ಅವನನ್ನು ಡೆಟ್ರಾಯಿಟ್‌ಗೆ ತೋರಿಸಿದ್ದು ಅವರ ಸ್ವೀಡನ್ ಸ್ಕೌಟ್, ಅಂದರೆ ಹುಡುಗರನ್ನು ಹುಡುಕಿಕೊಡುವವನು, ಕ್ರಿಸ್ಟರ್ ರಾಕ್‌ಸ್ಟ್ರೋಮ್. ಇದು ಅಪ್ಪಟ ಕಣ್ಣಿನ ಕೆಲಸ: ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಹೇಗಿದೆ ಅಂತ ಹೇಳುವ ಕಸುಬು.

ಫೆಡೊರೊವ್ ಕತೆ ತಿರುವುಮುರುವು. ಮಾಸ್ಕೋದ ಸೇನಾ ತಂಡ ಸಿಎಸ್‌ಕೆಎಯಲ್ಲಿ ಆಡುತ್ತಿದ್ದ ಆತ ಎಷ್ಟು ಒಳ್ಳೆಯ ಆಟಗಾರ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು, ಸೋವಿಯತ್ ಸರ್ಕಾರ ಅವನನ್ನು ಬಿಡುತ್ತದೆಯೇ ಅನ್ನುವುದು. 1988ರಲ್ಲಿ ಬಫಲೋ ಇದೇ ಭಯದಲ್ಲಿ ಅಲೆಕ್ಸಾಂಡರ್ ಮೊಗಿಲ್ನಿಯನ್ನು 89ರವರೆಗೆ ಕಾದು ಆರಿಸಿತ್ತು. 1989ರ ಮೇ ತಿಂಗಳಲ್ಲಿ, ಡ್ರಾಫ್ಟ್‌ಗೆ ಒಂದು ತಿಂಗಳು ಬಾಕಿ ಇರುವಾಗ, ಮೊಗಿಲ್ನಿ ಸ್ಟಾಕ್‌ಹೋಮ್‌ನಲ್ಲಿ ತಂಡ ಬಿಟ್ಟು ಅಮೆರಿಕಕ್ಕೆ ಹಾರಿದ. ಬಾಗಿಲಲ್ಲಿ ಸಂದಿ ಇದೆ ಅಂತ ಎಲ್ಲ ತಂಡಕ್ಕೂ ಕಂಡಿತು. ಆದರೂ 73 ಹೆಸರು ಆಗುವವರೆಗೆ ಯಾರೂ ಕೈ ಹಾಕಲಿಲ್ಲ. ಡೆಟ್ರಾಯಿಟ್ ಹಾಕಿತು. ಅಲ್ಲಿಯವರೆಗೆ ಯಾವ ಸೋವಿಯತ್ ಆಟಗಾರನನ್ನೂ ಅಷ್ಟು ಮೇಲೆ ಆರಿಸಿರಲಿಲ್ಲ. 1990ರ ಜುಲೈಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಸೋವಿಯತ್ ತಂಡ ತಂಗಿದ್ದಾಗ ಫೆಡೊರೊವ್ ಡೆಟ್ರಾಯಿಟ್‌ನವರ ಜತೆ ಹೊರಟುಬಂದ. ಹಾಗಾಗಿ ಈ ಆಯ್ಕೆಯಲ್ಲಿ ಮೆಚ್ಚಬೇಕಾದ್ದು ಕಣ್ಣನ್ನಲ್ಲ, ಗುಂಡಿಗೆಯನ್ನು. ಮತ್ತು ಆರಿಸಿದ ಮೇಲೆ ಅವನನ್ನು ಕರೆತರಲು ಮಾಡಿದ ಓಡಾಟವನ್ನು.

ಕಾನ್‌ಸ್ಟಾಂಟಿನೊವ್ ಇನ್ನೂ ಕಗ್ಗಂಟು. ವಯಸ್ಸು 22, ಹೆಂಡತಿ ಇದ್ದಳು, ಸೇನೆಯ ಅಧಿಕಾರಿ. ತಪ್ಪಿಸಿಕೊಂಡರೆ ಸೇನೆ ಬಿಟ್ಟು ಓಡಿದ ಅಪರಾಧ. ಕೊನೆಗೆ ವೈದ್ಯರಿಂದ ಕ್ಯಾನ್ಸರ್ ಅಂತ ಬರೆಸಿ ಸೇನೆಯಿಂದ ಬಿಡಿಸಿ 1991ರಲ್ಲಿ ಕರೆತಂದರು. 221ನೇ ಆಯ್ಕೆಗೆ ಅಷ್ಟು ಖರ್ಚು, ಅಷ್ಟು ಅಪಾಯ ಮೈಮೇಲೆ ಎಳೆದುಕೊಂಡ ಇನ್ನೊಂದು ತಂಡ ಸಿಗುವುದು ಕಷ್ಟ. ಅವನ ಸಾಲಿನಲ್ಲಿ 446 ಪಂದ್ಯ, 175 ಪಾಯಿಂಟ್ ಅಂತ ಮಾತ್ರ ಓದಿದರೆ ಏನೂ ತಿಳಿಯುವುದಿಲ್ಲ. ಡಿಫೆನ್ಸ್‌ಮನ್‌ನ ಬೆಲೆ ಪಾಯಿಂಟಿನಲ್ಲಿ ಸಿಗುವುದಿಲ್ಲ. 1995-96ರಲ್ಲಿ ಅವನ ಪ್ಲಸ್-ಮೈನಸ್ +60, ಇಡೀ ಲೀಗಿನಲ್ಲಿ ಮೊದಲು. ಅಂದರೆ ಸಮಬಲದ ಆಟದಲ್ಲಿ ಅವನು ಮಂಜಿನ ಮೇಲಿದ್ದಾಗ ಡೆಟ್ರಾಯಿಟ್ ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲಿಗಿಂತ 60 ಹೆಚ್ಚು. ಆ ಸೀಸನ್ ಡೆಟ್ರಾಯಿಟ್ 62 ಪಂದ್ಯ ಗೆದ್ದು ಆಗಿನ ಲೀಗ್ ದಾಖಲೆ ಬರೆಯಿತು. ಮರುವರ್ಷ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯ ಮತದಲ್ಲಿ ಅವನು ಎರಡನೆಯವನು. 1997ರ ಜೂನ್ 13ರಂದು, ಕಪ್ ಗೆದ್ದು ಆರನೇ ದಿನ, ಲಿಮೊಸಿನ್ ಅಪಘಾತ. ಅಲ್ಲಿಗೆ ಆಟ ಮುಗಿಯಿತು. ಈ ಸಾಲಿನಲ್ಲಿ ಪಂದ್ಯ ಕಡಿಮೆ ಇರುವುದು ಆಯ್ಕೆಯ ದೋಷವಲ್ಲ. ಆದರೂ 446 ಅನ್ನು 1,000 ಅಂತ ಊಹಿಸಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಬಿಚ್ಚಿದ ನೂಲನ್ನಷ್ಟೇ ತೂಗಬೇಕು.

ಅದೃಷ್ಟದ ಪಾಲನ್ನೂ ಮರೆಯುವ ಹಾಗಿಲ್ಲ. ಡ್ರೇಕ್ 116ನೆಯವನು ಅಂದೆನಲ್ಲ. ಅದಕ್ಕೆ ಮೂರೇ ಹೆಸರು ಮುಂಚೆ, 113ರಲ್ಲಿ, ವ್ಯಾಂಕೂವರ್ ಮುಂದೆ ಲೀಗಿನ ದೊಡ್ಡ ಗೋಲುಗಾರನಾದ ಸೋವಿಯತ್ ಹುಡುಗ ಪಾವೆಲ್ ಬುರೆಯನ್ನು ಎತ್ತಿಕೊಂಡಿತ್ತು. ಆ ಸುತ್ತಿನಲ್ಲಿ ಅವನು ಆಯ್ಕೆಗೆ ಅರ್ಹನೇ ಅಲ್ಲ ಅಂತ ತಕರಾರು ಎದ್ದು, ವರ್ಷ ಎಳೆದು, 1990ರಲ್ಲಿ ವ್ಯಾಂಕೂವರ್ ಪರ ತೀರ್ಮಾನವಾಯಿತು. ಆ ಸರದಿ ಮೂರು ಹೆಜ್ಜೆ ಹಿಂದುಮುಂದಾಗಿ ಬುರೆಯೂ ಡೆಟ್ರಾಯಿಟ್‌ಗೆ ಬಂದಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಇನ್ನು ಬದಲಿಗೆ ಬಂದದ್ದರ ಕಾಲಂ. 1989ರ ಬ್ಯಾಚು ಸೋರುವುದು ಇಲ್ಲೇ, ಮತ್ತು ಹೊಗಳುವವರು ಮುಟ್ಟದೆ ಬಿಡುವುದೂ ಇದನ್ನೇ. 1994ರ ಮಾರ್ಚಿನಲ್ಲಿ ಡ್ರೇಕ್ ಮತ್ತು ಗೋಲಿ (ಗೋಲ್‌ಕೀಪರ್) ಟಿಮ್ ಶೆವೆಲ್‌ಡೇಯನ್ನು ವಿನ್ನಿಪೆಗ್‌ಗೆ ಕೊಟ್ಟು ಬಾಬ್ ಎಸೆನ್ಸಾ ಎಂಬ ಗೋಲಿ, ಸರ್ಗೈ ಬೌಟಿನ್ ಎಂಬ ಡಿಫೆನ್ಸ್‌ಮನ್‌ನನ್ನು ತಂದರು. ಆ ವಸಂತದಲ್ಲಿ ಎಂಟನೇ ಶ್ರೇಯಾಂಕದ ಸ್ಯಾನ್ ಹೋಸೆ ಮೊದಲ ಸುತ್ತಿನಲ್ಲೇ ಡೆಟ್ರಾಯಿಟ್ಟನ್ನು ಏಳು ಪಂದ್ಯದಲ್ಲಿ ಮನೆಗೆ ಕಳಿಸಿತು. ಬಂದ ಇಬ್ಬರೂ ನಿಲ್ಲಲಿಲ್ಲ. 1995ರಲ್ಲಿ ಸಿಲಿಂಜರ್ ಮತ್ತು ಜೇಸನ್ ಯಾರ್ಕ್‌ನನ್ನು ಆನಹೈಮ್‌ಗೆ ಕೊಟ್ಟಾಗ ಸಿಕ್ಕ ಮುಖ್ಯ ಹೆಸರು ಸ್ಟೂ ಗ್ರಿಮ್ಸನ್. ಮುಷ್ಟಿ ಬೀಸುವುದರಲ್ಲಿ ನಿಪುಣ, ಗೋಲಿನ ವಿಷಯಕ್ಕೆ ಹೋಗುವುದು ಬೇಡ. ಬೂಗ್ನರ್ ಹೋದದ್ದಕ್ಕೆ ಬಿಡಿಗಾಸು ಬರಲಿಲ್ಲ. 2003ರಲ್ಲಿ ಫೆಡೊರೊವ್ ಒಪ್ಪಂದ ಮುಗಿಸಿಕೊಂಡು ಆನಹೈಮ್‌ಗೆ ಹೋದಾಗಲೂ ಬರಲಿಲ್ಲ.

ಇದರ ಪಕ್ಕ 1990ರ ಪುಟ ಇಟ್ಟು ನೋಡಿ. ಆ ವರ್ಷ ಡೆಟ್ರಾಯಿಟ್ ಮೂರನೆಯವನಾಗಿ ಕೀತ್ ಪ್ರಿಮೋನನ್ನು ಆರಿಸಿತು. ಐದನೆಯವನಾಗಿ ಪಿಟ್ಸ್‌ಬರ್ಗ್‌ಗೆ ಹೋದವನು ಯಾರೋಮಿರ್ ಯಾಗರ್, ವೃತ್ತಿಯಲ್ಲಿ 1,921 ಪಾಯಿಂಟ್. ಇಷ್ಟು ಓದಿದರೆ 1990 ಕೈತಪ್ಪಿದ ವರ್ಷ. ಆದರೆ 1996ರ ಅಕ್ಟೋಬರಿನಲ್ಲಿ ಪ್ರಿಮೋ, ಪಾಲ್ ಕಾಫಿ ಮತ್ತು ಒಂದು ಮೊದಲ ಸುತ್ತಿನ ಸರದಿಯನ್ನು ಹಾರ್ಟ್‌ಫರ್ಡ್‌ಗೆ ಕೊಟ್ಟು ಬ್ರೆಂಡನ್ ಶಾನಹನ್‌ನನ್ನು ತಂದರು. ಶಾನಹನ್ 1997, 1998, 2002ರಲ್ಲಿ ಕಪ್ ಗೆದ್ದ. ಅದೇ 1990ರಲ್ಲಿ 45ನೆಯವನಾಗಿ ಬಂದ ಸ್ಲಾವಾ ಕೊಜ್ಲೊವ್ ಎರಡು ಕಪ್ ಗೆದ್ದು, 2001ರಲ್ಲಿ ಬಫಲೋಗೆ ಹೋಗುವಾಗ ಡೊಮಿನಿಕ್ ಹಾಶೆಕ್ ಎಂಬ ಗೋಲಿಯನ್ನು ತಂದುಕೊಟ್ಟು ಹೋದ. 2002ರ ಕಪ್ಪಿನಲ್ಲಿ ಗೋಲು ಕಾದವನು ಹಾಶೆಕ್. ಹಳೆ ಹಸು ಕೊಟ್ಟು ಹಾಲು ಕರೆಯುವ ಹಸು ತರುವುದು ಅಂದರೆ ಇದು. ಒಂದು ಎಚ್ಚರಿಕೆ: ಬದಲಿಯ ಲಾಭವನ್ನು ಪೂರ್ತಿ ಒಬ್ಬನ ಹೆಸರಿಗೆ ಬರೆಯಬೇಡಿ. ಶಾನಹನ್ ಬಂದದ್ದು ಮೂರು ಬೆಲೆಯ ವಸ್ತು ಕೊಟ್ಟು. ಪ್ರಿಮೋ ಪಾಲಿಗೆ ಅರ್ಧ ಬರೆದರೆ ಸಾಕು. ಹಾಶೆಕ್‌ಗೂ ಕೊಜ್ಲೊವ್ ಜತೆ ಮೊದಲ ಸುತ್ತಿನ ಸರದಿಯೊಂದು ಹೋಗಿತ್ತು.

1983ರ ಬ್ಯಾಚು 1989ಕ್ಕೆ ನಿಜವಾದ ಪೈಪೋಟಿ. ನಾಲ್ಕನೆಯವನಾಗಿ ಸ್ಟೀವ್ ಐಜರ್‌ಮನ್: 1,514 ಪಂದ್ಯ, 1,755 ಪಾಯಿಂಟ್, ಎಲ್ಲ ಡೆಟ್ರಾಯಿಟ್‌ಗೇ, 1986ರಿಂದ ಆಟ ನಿಲ್ಲಿಸುವವರೆಗೂ ನಾಯಕ, ಮೂರು ಕಪ್. ಆಗಿನ ಜನರಲ್ ಮ್ಯಾನೇಜರ್ ಜಿಮ್ ಡೆವೆಲಾನೊಗೆ ಬೇಕಿದ್ದದ್ದು ಪ್ಯಾಟ್ ಲಾಫಾಂಟೇನ್. ಅವನನ್ನು ಮೂರನೇ ಸರದಿಯಲ್ಲಿ ಐಲ್ಯಾಂಡರ್ಸ್ ಎತ್ತಿಕೊಂಡದ್ದರಿಂದ ಐಜರ್‌ಮನ್ ಬಂದ. ಅವನ ಕೆಳಗೆ ಪ್ರೊಬರ್ಟ್ 935, ಕೋಸರ್ 820, ಕ್ಲೀಮಾ 786, ಗ್ರಿಮ್ಸನ್ 729, ಲ್ಯಾಂಬರ್ಟ್ 283. ಕೂಡಿಸಿದರೆ ಐದು ಸಾವಿರದ ಮೇಲೆ. ಇಲ್ಲಿ ಎರಡು ಕಡೆ ಕತ್ತರಿ ಹಾಕಬೇಕು. ಗ್ರಿಮ್ಸನ್ ಜತೆ ಡೆಟ್ರಾಯಿಟ್ ಒಪ್ಪಂದವನ್ನೇ ಮಾಡಿಕೊಳ್ಳಲಿಲ್ಲ. ಆತ 1985ರಲ್ಲಿ ಮತ್ತೆ ಡ್ರಾಫ್ಟ್‌ಗೆ ಬಂದು ಕ್ಯಾಲ್ಗರಿಗೆ ಹೋದ. ಹತ್ತು ವರ್ಷದ ಮೇಲೆ ಸಿಲಿಂಜರ್ ಬದಲಿಗೆ ಬಂದವನೂ ಇವನೇ. ಒಂದೇ ಗೂಡನ್ನು ಎರಡು ಸಲ ಕೊಂಡ ಹಾಗೆ! ಅವನ 729 ಹೊಡೆದುಹಾಕಿ. ಕ್ಲೀಮಾ 1989ರ ನವೆಂಬರಿನಲ್ಲಿ ಎಡ್ಮಂಟನ್‌ಗೆ ಹೋಗಿ, 1990ರ ಫೈನಲ್‌ನ ಮೊದಲ ಪಂದ್ಯವನ್ನು ಮೂರನೇ ಓವರ್‌ಟೈಮಿನಲ್ಲಿ ಗೆಲ್ಲಿಸಿಕೊಟ್ಟ, ಡೆಟ್ರಾಯಿಟ್‌ಗಲ್ಲ. ಕೋಸರ್ 1997, 98ರಲ್ಲಿ ಕಪ್ ಗೆದ್ದದ್ದು ಡೆಟ್ರಾಯಿಟ್ ಅಂಗಿಯಲ್ಲೇ, ಆದರೆ ಡ್ರೇಕ್‌ನ ಹಾಗೆ ಎರಡನೇ ಬಾಗಿಲಿನಿಂದ ಬಂದು. ಇಷ್ಟೆಲ್ಲ ಕಳೆದರೆ 1983 ಅನ್ನುವುದು ಐಜರ್‌ಮನ್, ಜತೆಗೆ ಪ್ರೊಬರ್ಟ್‌ನ 474 ಪಂದ್ಯ ಮತ್ತು ಒಂದಿಷ್ಟು ಚಿಲ್ಲರೆ.

ಬೇರೆಬೇರೆ ಕಾಲದ ಪಾಯಿಂಟನ್ನು ನೇರ ಹೋಲಿಸುವುದು ಇನ್ನೊಂದು ಗುಂಡಿ. ಐಜರ್‌ಮನ್ 1988-89ರಲ್ಲಿ 155 ಪಾಯಿಂಟ್ ಹೊಡೆದ. ಆಮೇಲಿನ ಕಾಲದ ಡೆಟ್ರಾಯಿಟ್ ಆಟಗಾರ ಪಾವೆಲ್ ದತ್ಸೂಕ್‌ನ ಅತ್ಯುತ್ತಮ ಸೀಸನ್ 97. ಆದರೆ ಆ ಮೊದಲನೆಯ ಸೀಸನ್‌ನಲ್ಲಿ ಎರಡೂ ತಂಡ ಸೇರಿ ಪಂದ್ಯಕ್ಕೆ ಸುಮಾರು 7.5 ಗೋಲು ಬೀಳುತ್ತಿತ್ತು. 2007-08ರಲ್ಲಿ ಸುಮಾರು 5.5. ಎಲ್ಲವನ್ನೂ ಪಂದ್ಯಕ್ಕೆ 6 ಗೋಲಿನ ಅಳತೆಗೆ ತನ್ನಿ: 155ನ್ನು 7.5ರಿಂದ ಭಾಗಿಸಿ 6ರಿಂದ ಗುಣಿಸಿದರೆ 124; 97ನ್ನು 5.5ರಿಂದ ಭಾಗಿಸಿ 6ರಿಂದ ಗುಣಿಸಿದರೆ 106. 58ರ ಅಂತರ 18ಕ್ಕೆ ಇಳಿಯಿತು. ಮಳೆಗಾಲದ ಬೆಳೆಯನ್ನೂ ಬೇಸಿಗೆಯ ಬೆಳೆಯನ್ನೂ ಒಂದೇ ತೂಕಕ್ಕೆ ಅಳೆಯಬಾರದಲ್ಲ, ಹಾಗೆ.

ದತ್ಸೂಕ್ ಹೆಸರು ಬಂತು. 1998ರಲ್ಲಿ 171ನೆಯವನು, 953 ಪಂದ್ಯ, ಅಷ್ಟೂ ಡೆಟ್ರಾಯಿಟ್‌ಗೆ. ಅದೇ ಬ್ಯಾಚಿನ ಮೊದಲ ಸುತ್ತಿನ ಯಿರಿ ಫಿಷರ್ 305 ಪಂದ್ಯ ಆಡಿದ್ದಾಗ, 2005ರ ನವೆಂಬರಿನಲ್ಲಿ ಆಟದ ನಡುವೆ ಹೃದಯ ನಿಂತು ಕುಸಿದ. ಜೀವ ಉಳಿಯಿತು, ಆಟ ಉಳಿಯಲಿಲ್ಲ. 1999ರಲ್ಲಿ ಡೆಟ್ರಾಯಿಟ್‌ನ ಮೊದಲ ಸರದಿ ಬಂದದ್ದೇ 120ಕ್ಕೆ. ಆ ವರ್ಷ 210ನೆಯವನು ಹೆನ್ರಿಕ್ ಜೆಟ್ಟರ್‌ಬರ್ಗ್: 1,082 ಪಂದ್ಯ, 960 ಪಾಯಿಂಟ್, 2008ರ ಪ್ಲೇಆಫ್‌ನ ಅತ್ಯುತ್ತಮ ಆಟಗಾರ. ದತ್ಸೂಕ್, ಜೆಟ್ಟರ್‌ಬರ್ಗ್ ಇಬ್ಬರ ಹಿಂದೆಯೂ ಒಬ್ಬನೇ ಸ್ಕೌಟ್, ಹೋಕನ್ ಆಂಡರ್ಸನ್. ಬರೀ ರೆಂಡಿಟ ನೋಡುವವನಿಗೆ 1989ಕ್ಕಿಂತ 1999 ಮೇಲು: ಬಂದ ಗೂಡು ಹೆಚ್ಚುಕಡಿಮೆ ಎಲ್ಲ ನೂಲು. ಅಲ್ಲೇ ರೆಂಡಿಟದ ಮಿತಿಯೂ ಕಾಣುತ್ತದೆ. ಒಂದು ಬುಟ್ಟಿ ಗೂಡು ಎಷ್ಟೇ ಚೆನ್ನಾಗಿ ಬಿಚ್ಚಿದರೂ ಒಂದು ಸೀರೆಗೆ ಸಾಲದು. ಅನುಪಾತದ ಪಕ್ಕ ಒಟ್ಟು ನೂಲನ್ನೂ ಬರೆಯಲೇಬೇಕು.

ಕಪ್ಪಿನ ಕಾಲಂ ತುಂಬುವಾಗ ಒಂದೇ ಕಪ್ಪನ್ನು ನಾಲ್ಕು ಬ್ಯಾಚಿಗೆ ಹಂಚಿ ನಾಲ್ಕು ಮಾಡಿಬಿಡುವುದು ಸಾಮಾನ್ಯ ತಪ್ಪು. 1997ರದ್ದು 1983, 1989, 1990, 1991 ಎಲ್ಲದರ ಫಲ. ಅದಕ್ಕೆ ನಾನು ಬಳಸುವುದು ಕಿತ್ತುನೋಡುವ ಕ್ರಮ: ಆ ಬ್ಯಾಚನ್ನು ಪೂರ್ತಿ ಕಿತ್ತುಹಾಕಿದರೆ ತಂಡದಲ್ಲಿ ಏನು ಉಳಿಯುತ್ತದೆ? 1991ನ್ನು ಕಿತ್ತರೆ 1997ರಲ್ಲಿ ಮಾರ್ಟಿನ್ ಲಾಪಾಯಿಂಟ್ ಇಲ್ಲ, ಎರಡನೇ ಗೋಲಿ ಇಲ್ಲ. ಪ್ಲೇಆಫ್‌ನಲ್ಲಿ ಗೋಲು ಕಾದದ್ದು ಕ್ಯಾಲ್ಗರಿಯಿಂದ ತಂದ ಮೈಕ್ ವರ್ನನ್, ತಂಡ ಕುಂಟುತ್ತಾ ನಡೆಯುತ್ತದೆ. 1983ನ್ನು ಕಿತ್ತರೆ ನಾಯಕ ಇಲ್ಲ. 1989ನ್ನು ಕಿತ್ತರೆ ಆ ಪ್ಲೇಆಫ್‌ನಲ್ಲಿ 20 ಪಾಯಿಂಟ್ ಹೊಡೆದು ತಂಡದಲ್ಲೇ ಮೊದಲಿದ್ದ ಫೆಡೊರೊವ್ ಇಲ್ಲ, ಮುಂಚೂಣಿಯ ಇಬ್ಬರು ಡಿಫೆನ್ಸ್‌ಮನ್, ಲಿಡ್‌ಸ್ಟ್ರಾಮ್ ಮತ್ತು ಕಾನ್‌ಸ್ಟಾಂಟಿನೊವ್, ಇಲ್ಲ. 2002ರಲ್ಲಿ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಲಿಡ್‌ಸ್ಟ್ರಾಮ್. 2008ರಲ್ಲಿ ಕಪ್ ಎತ್ತಿದ ನಾಯಕ ಅವನೇ, ಯುರೋಪಿನಲ್ಲೇ ಹುಟ್ಟಿ ಅಲ್ಲೇ ಆಟ ಕಲಿತು ಕಪ್ ಗೆದ್ದ ಮೊದಲ ನಾಯಕ. ಡೆಟ್ರಾಯಿಟ್ 1955ರ ನಂತರ 42 ವರ್ಷ ಕಾದು ಗೆದ್ದ ನಾಲ್ಕೂ ಕಪ್ಪಿನಲ್ಲಿ, ಮೊದಲ ಬಾಗಿಲಿನಿಂದಲೇ ಬಂದ ಈ ಬ್ಯಾಚಿನವನೊಬ್ಬ ಇದ್ದ.

ಹಾಗಾಗಿ ನನ್ನ ಲೆಕ್ಕದಲ್ಲೂ 1989ಕ್ಕೇ ಮೊದಲ ಸ್ಥಾನ. ಆದರೆ 5,955 ಪಂದ್ಯಕ್ಕಲ್ಲ, ಆರು ಹೆಸರಿಗಲ್ಲ. 53, 74, 221 ಅನ್ನುವ ಮೂರು ಸರದಿಗೆ. ಎರಡನೆಯದು 1983, ಒಬ್ಬನೇ ಒಬ್ಬನಿಂದ. ಮೂರನೆಯದಕ್ಕೆ 1990 ಹಾಕುತ್ತೇನೆ. ಇದಕ್ಕೆ ಬೈಯುವವರು ಯಾಗರ್ ಹೆಸರು ಎತ್ತುತ್ತಾರೆ, ಎತ್ತಲಿ. ಶಾನಹನ್ ಮತ್ತು ಹಾಶೆಕ್ ಇಬ್ಬರನ್ನೂ ಹೊತ್ತು ತಂದ ಇನ್ನೊಂದು ಬ್ಯಾಚು ತೋರಿಸಿದರೆ ಬದಲಿಸುತ್ತೇನೆ.

ಬೇರೆ ತಂಡಕ್ಕೆ ಇದೇ ಪುಟ ಹಾಕುವವರಿಗೆ ಎಡ್ಮಂಟನ್‌ನ 1979 ಒಳ್ಳೆಯ ಅಭ್ಯಾಸ: 21ರಲ್ಲಿ ಕೆವಿನ್ ಲೋ, 48ರಲ್ಲಿ ಮಾರ್ಕ್ ಮೆಸಿಯೆ, 69ರಲ್ಲಿ ಗ್ಲೆನ್ ಆಂಡರ್ಸನ್. ಮೂವರೂ ಅಲ್ಲಿಯೇ ಐದೈದು ಕಪ್ ಗೆದ್ದವರು, ಮೂವರೂ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಆಗ ಇದ್ದದ್ದು ಆರೇ ಸುತ್ತು ಅನ್ನುವುದು ನೆನಪಿರಲಿ. ನೂರು ಮೊಟ್ಟೆಯ ಲೆಕ್ಕ ಹಿಡಿದರೆ ಇದು ಡೆಟ್ರಾಯಿಟ್‌ನ ಕತ್ತು ಹಿಡಿಯುತ್ತದೆ. ಕ್ಯಾಲ್ಗರಿಯ 1984ರಲ್ಲಿ ಕಷ್ಟದ ಸಾಲೊಂದಿದೆ: 117ರಲ್ಲಿ ಬ್ರೆಟ್ ಹಲ್, ವೃತ್ತಿಯಲ್ಲಿ 741 ಗೋಲು, ಆದರೆ 1988ರಲ್ಲೇ ಸೇಂಟ್ ಲೂಯಿಸ್‌ಗೆ ಹೋದವನು. ಕ್ಯಾಲ್ಗರಿ 1989ರಲ್ಲಿ ಕಪ್ ಗೆದ್ದಿತು, ಹಲ್ ಇಲ್ಲದೆ. ಬದಲಿಯ ಕಾಲಂ ಸರಿಯಾಗಿ ತುಂಬಲು ಬರುತ್ತದೆಯೇ ಅನ್ನುವುದು ಆ ಸಾಲಿನಲ್ಲಿ ಗೊತ್ತಾಗುತ್ತದೆ.

ಆತುರ ಮಾತ್ರ ಬೇಡ. ಲಿಡ್‌ಸ್ಟ್ರಾಮ್‌ಗೆ ಏಳು ನಾರಿಸ್ ಟ್ರೋಫಿ ಬಂದವು ಸರಿ. ಮೊದಲನೆಯದು ಬಂದದ್ದು 2001ರಲ್ಲಿ, ಆಯ್ಕೆಯಾಗಿ ಹನ್ನೆರಡು ವರ್ಷಕ್ಕೆ. 1995ರಲ್ಲಿ ಈ ಪುಟ ಮುಚ್ಚಿದ್ದರೆ ಅವನ ಸಾಲಿನಲ್ಲಿ ‘ಒಳ್ಳೆಯ ಆಟಗಾರ’ ಅಂತಷ್ಟೇ ಇರುತ್ತಿತ್ತು. ಹದಿನೈದು ವರ್ಷಕ್ಕೆ ಮೊದಲು ಪೆನ್ನು ಮುಟ್ಟಬೇಡಿ. ಡಲ್ಲಾಸ್‌ನ 2017ರ ಬ್ಯಾಚಿನ ಬಗ್ಗೆ ಈಗಲೇ ಬಹಳ ಮಾತು: 3ರಲ್ಲಿ ಮಿರೋ ಹೈಸ್ಕನೆನ್, 26ರಲ್ಲಿ ಗೋಲಿ ಜೇಕ್ ಓಟಿಂಜರ್, 39ರಲ್ಲಿ ಜೇಸನ್ ರಾಬರ್ಟ್‌ಸನ್. ಹೆಸರು, ಸರದಿ ಬರೆದಿಟ್ಟುಕೊಳ್ಳಿ. ಪಂದ್ಯದ ಕಾಲಂ ಪೆನ್ಸಿಲ್‌ನಲ್ಲಿ, ಉಳಿದದ್ದು 2032ರವರೆಗೆ ಖಾಲಿ.